ರಾಹುಕಾಲದಲ್ಲಿ ನಿಂತ ಇಂಡೆಕ್ಸ್

ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗಿ ಬಂದಾಗ ಆಗುವ ಸುಸ್ತಿಗೆ ಯಾವ ಕಾಫಿಯೂ ಮದ್ದಲ್ಲ. ಬೇಲೂರಿನ ವಧು-ವರ ಮಾಹಿತಿ ಕೇಂದ್ರವೊಂದರ ಕಂಪ್ಯೂಟರ್ ನೋಡಿಕೊಳ್ಳುವವನಾದ್ದರಿಂದ ಈ ಮಾತನ್ನು ಅಧಿಕಾರದಿಂದಲೇ ಹೇಳುತ್ತೇನೆ. ಸುತ್ತಮುತ್ತ ಮದುವೆಯಾಗದವರೆಲ್ಲ ನಮ್ಮ ಡೇಟಾಬೇಸಿನಲ್ಲಿದ್ದಾರೆ. ಆಗಾಗ ಅದರ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು. ದಪ್ಪ ಪುಸ್ತಕದ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಕೊಟ್ಟಿರುತ್ತಾರಲ್ಲ, ಅಂಥದ್ದೇ ಅದು. ಮೊನ್ನೆ ಶುಕ್ರವಾರ ಬೆಳಿಗ್ಗೆ ಆ ಕೆಲಸ ಹಚ್ಚಿ ಕಾಫಿಗೆ ಹೋಗಿಬಂದರೆ ಕಂಪ್ಯೂಟರ್ ಆರಿಹೋಗಿತ್ತು. ಪಕ್ಕದಲ್ಲಿ ಮೇಲ್ವಿಚಾರಕಿ ಗಿರಿಜಮ್ಮನವರು ಕೈಕಟ್ಟಿ ನಿಂತಿದ್ದರು.

"ರಾಹುಕಾಲ ಶುರುವಾಯ್ತು ಕಣ್ರೀ. ಮದುವೆ ಹೆಣ್ಣುಮಕ್ಕಳ ಹೆಸರೆಲ್ಲ ಸರಸರ ಓಡ್ತಿದ್ವು. ಇಂಥ ಹೊತ್ತಲ್ಲಿ ಬೇಡ ಅಂತ ಆರಿಸ್ದೆ. ಆಮೇಲೆ ಮುಂದುವರಿಸಿ."

ಅರ್ಧಕ್ಕೆ ನಿಂತ ಇಂಡೆಕ್ಸ್ ಹಾಗೆಲ್ಲ ಮುಂದುವರಿಯುವುದಿಲ್ಲ, ಕೆಟ್ಟು ಕೂರುತ್ತದೆ ಎಂದು ವಿವರಿಸಲು ನನ್ನಲ್ಲಿ ತ್ರಾಣವಿರಲಿಲ್ಲ. ರಾಹುಕಾಲ ಕಳೆದ ಮೇಲೆ ಅವರೇ ಕುಂಕುಮವಿಟ್ಟು ಸ್ವಿಚ್ ಹಾಕಿದರು.

ಆ ಹೊತ್ತಿಗೆ ಸರಿಯಾಗಿ ಗೆಂಡೆಹಳ್ಳಿಯ ರುದ್ರಪ್ಪನವರು ಬಂದರು. ಅವರ ಮಗಳು ದಿವ್ಯಳ ಜಾತಕ ನೋಡಲು ಅರಸೀಕೆರೆಯ ಗಂಡಿನ ಕಡೆಯವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಇಲ್ಲಿ ಆಗದಿದ್ದರೆ ಮುಂದಿನ ಬಸ್ಸಿಗೆ ಹಾಸನಕ್ಕೆ ಹೋಗಿ ಇನ್ನೊಂದು ಹೆಣ್ಣು ನೋಡುವವರಿದ್ದರು. ನಾನು ದಿವ್ಯಳ ಹೆಸರು ಹೊಡೆದೆ. ಅಂಥವರು ಯಾರೂ ಇಲ್ಲ ಎಂದಿತು ಕಂಪ್ಯೂಟರ್.

"ಇಲ್ಲ ಅಂತೈತಾ? ಏನ್ ಸ್ವಾಮಿ, ಬೆಳಿಗ್ಗೆ ನಂಗೆ ರೊಟ್ಟಿ ತಟ್ಟಿಕೊಟ್ಟವ್ಳೆ!" ಎಂದರು ರುದ್ರಪ್ಪ. ಹೊರಗಿನ ಬೆಂಚಿನ ಕಡೆಗೊಮ್ಮೆ ತಿರುಗಿ ನೋಡಿದರು. ಪಾಪ ಅನ್ನಿಸಿತು.

ಇಂಡೆಕ್ಸ್ ಬಿಟ್ಟು ಇಡೀ ಪಟ್ಟಿಯನ್ನು ಮೊದಲಿನಿಂದ ಜಾಲಾಡಿದಾಗ ದಿವ್ಯಾ ನಗುತ್ತಾ ಸಿಕ್ಕಳು. ಮನೆಯೊಳಗೇ ಇರುವವರನ್ನು ಊರಲ್ಲಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಿತ್ತು ಆ ಇಂಡೆಕ್ಸ್. ಜಾತಕ ಮುದ್ರಿಸಿ ಹೊರಗೆ ಕಳಿಸಿದೆ. ಬಸ್ಸು ಹೋಯಿತು, ಗಂಡಿನ ಕಡೆಯವರು ಹೋಗಲಿಲ್ಲ. ಆಮೇಲೆ ಬ್ಯಾಕಪ್ ತೆಗೆದು, ಕೆಟ್ಟದ್ದನ್ನು ಅಳಿಸಿ, ಮತ್ತೆ ಮೊದಲಿನಿಂದ ಕಟ್ಟಲು ಹಚ್ಚಿದೆ. ಈ ಸಲ ಕಾಫಿಗೆ ಹೋಗದೆ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತೆ. ಮಧ್ಯಾಹ್ನದ ಯಮಗಂಡಕಾಲ ಇನ್ನೂ ಬರುವುದಿತ್ತು.

ಹಾಗೆ ಕೂತಿದ್ದಾಗಲೇ ನನಗೊಂದು ಆಸೆ ಹುಟ್ಟಿತು. ಆ ಪಟ್ಟಿಯಲ್ಲಿ ನಾನೂ ಇದ್ದೇನೆ, ಬಹಳ ಕಾಲದಿಂದ ಇದ್ದೇನೆ. ಒಂದು ಸಂಬಂಧವೂ ಬಂದಿಲ್ಲ. ಇಂಡೆಕ್ಸ್ ಕೆಟ್ಟದ್ದು ಇವತ್ತೇ ಎಂದು ಹೇಗೆ ಹೇಳುವುದು? ನಾನು ಯಾರ ಕಣ್ಣಿಗೂ ಬೀಳದೆ ಉಳಿದಿರಬಹುದಲ್ಲ! ಸುಸ್ತೆಲ್ಲ ಇಳಿದಂತಾಯಿತು. ಕೆಲಸ ಮುಗಿದೊಡನೆ ನನ್ನ ಹೆಸರು ಹೊಡೆದೆ. ರೆಪ್ಪೆ ಬಡಿಯುವುದರೊಳಗೆ ಫೋಟೋ ಸಮೇತ ಬಂದೆ.

"ನೋಡಿ ಗಿರಿಜಮ್ಮ, ಈಗ ಸಿಗ್ತಿದೀನಿ!" ಎಂದೆ.

"ನೀವು ಯಾವಾಗ್ಲೂ ಸಿಗ್ತಿದ್ರಲ್ರೀ," ಎಂದರು ಅವರು, ಬಹಳ ಮೃದುವಾಗಿ. "ಬಂದೋರಿಗೆಲ್ಲ ನಾನೇ ಮೊದಲು ನಿಮ್ಮನ್ನ ತೋರಿಸ್ತೀನಿ."

ಇದ್ದ ಒಂದೇ ಒಂದು ನೆಪವನ್ನೂ ನಾನೇ ಕೈಯಾರೆ ರಿಪೇರಿ ಮಾಡಿ ಕೂತಿದ್ದೆ.