ಭಾವ ಎಣ್ಣೆ ಹಚ್ಚಿದ ತೋಟೆಯಂತ್ರ

ನಮ್ಮ ಭಾವನ ಕೈಗೆ ಸಿಕ್ಕ ಯಾವ ಯಂತ್ರವೂ ಎಣ್ಣೆಸ್ನಾನವಿಲ್ಲದೆ ಪಾರಾದದ್ದಿಲ್ಲ! ಎಣ್ಣೆ ಎಂದರೆ ಅಂಗಡಿಯ ಮೆಷಿನ್ ಆಯಿಲ್ ಅಲ್ಲ. ಉಡುಪಿಯಿಂದ ಬರುವವರ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಮಲಗಿ ಬರುವ ಅಪ್ಪಟ ತೆಂಗಿನೆಣ್ಣೆ. ಬಾಗಿಲಿನ ತಿರುಗಣೆಗೆ ಅದೇ, ಹೊಲಿಗೆ ಯಂತ್ರಕ್ಕೆ ಅದೇ, ತಮ್ಮ ಮೊಣಕಾಲಿಗೂ ಅದೇ. ಒಮ್ಮೆ ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜಿನವನು ಇವರ ಪಿಕಪ್ಪಿನ ಬಾನೆಟ್ ಎತ್ತಿ ಮೂಸಿ, "ಭಾಯಿ, ಇಸ್ ಮೇ ಮಛ್ಲಿ ಫ್ರೈ ಕಿಯಾ ಕ್ಯಾ?" ಎಂದು, ಇದರಲ್ಲೇನು ಮೀನು ಹುರಿದಿರಾ ಎಂಬಂತೆ, ಕೇಳಿದನಂತೆ. ಭಾವ ಅದನ್ನು ಹೊಗಳಿಕೆ ಎಂದೇ ತಿಳಿದರು.

ಇದು ತೊಂಬತ್ತರ ದಶಕದ ಮಾತು. ಭಾವ ಅಬುಧಾಬಿಯ ಹೊರವಲಯದಲ್ಲಿ ಒಬ್ಬ ಅರ್ಬಾಬನ, ಅಂದರೆ ವೀಸಾ ಕೊಟ್ಟ ಯಜಮಾನನ, ವಿಲ್ಲಾದಲ್ಲಿ ರಿಪೇರಿ ಕೆಲಸಕ್ಕಿದ್ದರು. ಆತನಿಗೆ ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಹುಚ್ಚು. ಪರವಾನಗಿ ಪಡೆದು ಕೋವಿಯ ಖಾಲಿ ತೋಟೆಗಳನ್ನು ಮನೆಯಲ್ಲೇ ಮತ್ತೆ ತುಂಬುತ್ತಿದ್ದ. ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಕೇಪು ಕೂರಿಸಲು ಒಂದು ಕೈಯಂತ್ರವಿತ್ತು. ಅದು ಕಿರುಗುಟ್ಟಿತು, ಭಾವನಿಗೆ ಕರೆ ಬಂತು. ಎಣ್ಣೆ ಬೀಳದೆ ಇರುತ್ತದೆಯೇ?

ಅದೇ ಹೊತ್ತಿಗೆ ಊರಿನಲ್ಲಿದ್ದ ನನ್ನ ಅಕ್ಕನಿಗೆ ವೀಸಾ ಮಾಡಿಸಲು ಅರ್ಬಾಬನ ಸಹಿ ಬೇಕಿತ್ತು. ಮದುವೆಯಾದಂದಿನಿಂದ ಇಬ್ಬರದೂ ರಜೆಯಲ್ಲಷ್ಟೇ ಸಂಸಾರ. ಭಾವ ಒಬ್ಬರೇ ಹೋಗಿ ಕೇಳಲು ಹೆದರಿ, ಅಬುಧಾಬಿ ಪೇಟೆಯ ಹಮ್ದಾನ್ ಸ್ಟ್ರೀಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನನ್ನೂ ಶುಕ್ರವಾರ ಎಳೆದುಕೊಂಡು ಹೋದರು.

ಹೋದರೆ ಅರ್ಬಾಬ್ ಕೆಂಡ! ಯಾವ ಕೇಪೂ ಪೂರ್ತಿ ಕೂರುತ್ತಿಲ್ಲ, ಕೂದಲೆಳೆಯಷ್ಟು ಮೇಲೇ ನಿಲ್ಲುತ್ತಿದೆ. ಸಿಟ್ಟಿನಲ್ಲಿ ಹಿಡಿಯನ್ನು ಬಲವಾಗಿ ಒತ್ತಲು ಹೊರಟ.

"ಜೋರ್ ಮಾಫಿ! ಹಾತ್ ಹಟಾವೋ! ಹೊಟ್ಟುತ್ತದೆ ಅದು!" ಒತ್ತಬೇಡಿ, ಕೈ ತೆಗೆಯಿರಿ, ಸಿಡಿಯುತ್ತದೆ ಎಂದು ಭಾವ ಮೂರು ಭಾಷೆಯಲ್ಲಿ ಕಿರುಚಿದರು. ಆ ಮನೆಯಲ್ಲಿ ಯಜಮಾನನಿಗೆ ಹೀಗೆ ಗದರಿದವರು ಹಿಂದೆ ಯಾರಾದರೂ ಇದ್ದರೇ?

ಕೇಪುಗಳನ್ನೆಲ್ಲ ದೂರ ಇರಿಸಿ ಯಂತ್ರ ಬಿಚ್ಚಿದರು. ಕೇಪು ಒತ್ತುವ ಕಡ್ಡಿಯ ಸುತ್ತ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಹೊರಗಿನ ಶೆಡ್ಡಿನ ಸೆಕೆಯಲ್ಲಿ ಹಚ್ಚುವಾಗ ನೀರಾಗಿದ್ದ ತೆಂಗಿನೆಣ್ಣೆ, ಒಳಗಿನ ಏಸಿಯ ಚಳಿಗೆ ಹೆಪ್ಪುಗಟ್ಟಿ ಕಡ್ಡಿಯನ್ನು ಅರ್ಧದಲ್ಲೇ ಹಿಡಿದುಬಿಟ್ಟಿತ್ತು! ಪಾಪ, ಉಡುಪಿಯ ಎಣ್ಣೆಗೆ ಅಂಥ ಚಳಿಯ ಅಭ್ಯಾಸವಾದರೂ ಎಲ್ಲಿಯದು?

"ಭಾವ, ಒರೆಸಿ ಬಿಡಿ. ಸಹಿ ಆಗುವವರೆಗೆ ಸುಮ್ಮನಿರಿ," ಎಂದು ಪಿಸುಗುಟ್ಟಿದೆ.

"ಸುಮ್ಮನೆ ಹೇಗೆ ಇರುದು ಮಾರಾಯ? ಎಣ್ಣೆ ತಾಗಿದ ಕೇಪು ತಡವಾಗಿ ಹೊಟ್ಟಿದ್ರೆ ಆ ಜನದ ಕಣ್ಣು ಹೋಗುದಿಲ್ವಾ?"

ತಪ್ಪು ತನ್ನದೆಂದು ಹಿಂದಿಯಲ್ಲಿ ಒಪ್ಪಿಕೊಂಡರು. ಎಣ್ಣೆ ಹಚ್ಚಿದ ಮೇಲೆ ತುಂಬಿಟ್ಟ ತೋಟೆಗಳಲ್ಲಿ ಒಂದನ್ನೂ ಬಳಸಬೇಡಿ, ಕ್ಲಬ್ಬಿನವರಿಗೆ ಒಪ್ಪಿಸಿ ಎಂದೂ ಹೇಳಿದರು. ಅಕ್ಕನ ವೀಸಾ ಖಲಾಸ್ ಎಂದುಕೊಂಡೆ.

ಅರ್ಬಾಬ್ ಆ ಬಿಳಿಯನ್ನು ಬೆರಳಿಗೆ ಸವರಿ ಮೂಸಿದ. "ಮಶೀನ್ ಕಾ ಚಂಪಿ ಕಿಯಾ?" ಯಂತ್ರಕ್ಕೂ ತಲೆಗೆ ತಿಕ್ಕಿದ ಹಾಗೆ ಎಣ್ಣೆ ತಿಕ್ಕಿದೆಯಾ ಎಂದು.

ಭಾವ ತಲೆ ತಗ್ಗಿಸಿ ಹೌದೆಂದರು. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಮುಂದೆ ಚಾಚಿದ ವೀಸಾ ಕಾಗದಕ್ಕೆ ನಗುತ್ತಲೇ ಸಹಿ ಹಾಕಿ, "ಬೀವಿ ಕೊ ಬುಲಾವ್. ತೇಲ್ ಕಾ ಬೋತಲ್ ಉಸ್ ಕೊ ದೇ ದೋ!" ಎಂದ. ಹೆಂಡತಿಯನ್ನು ಕರೆಸು, ಎಣ್ಣೆ ಬಾಟಲಿ ಅವಳ ಕೈಗೆ ಕೊಡು ಅಂತ!

ಗೇಟು ದಾಟಿದ ಮೇಲೆ ನನಗೆ ಹೋದ ಜೀವ ಬಂತು. ಭಾವ ಪಿಕಪ್ಪಿನ ಕೀಯನ್ನು ನನ್ನ ಕೈಗೆ ಹಾಕಿದರು. ನಾನೇ ಗಾಡಿ ಓಡಿಸಿ, ರಸ್ತೆ ಬದಿಯ ಬೂತಿನಿಂದ ಅಕ್ಕನಿಗೆ ಫೋನ್ ಮಾಡಿ ರಿಸೀವರನ್ನು ಅವರ ಕೈಗಿತ್ತೆ. "ಹಲೋ, ಯಾರು?" ಎಂದು ಅಕ್ಕ ಕೇಳುತ್ತಲೇ ಇದ್ದಳು. ಭಾವ ಕಣ್ಣೊರೆಸಿಕೊಂಡರು.

"ಬಾ," ಎಂದರು.