ನಂದಿಬಟ್ಟಲಿಗೆ ಕ್ಷೌರ

ನನ್ನ ಕೈಯಲ್ಲಿ ಒಬ್ಬ ಕಲಾವಿದ ಅಡಗಿದ್ದಾನೆಂದು ಮಿಲ್ಲಿನ ಕೆಲಸದಿಂದ ನಿವೃತ್ತನಾದ ಮೂರನೇ ವಾರ ನನಗೆ ಹೊಳೆಯಿತು. ಕಣ್ಣು ತೋರಿಸಲು ಶರವಣಂಪಟ್ಟಿಗೆ ಹೋಗಿದ್ದೆ. ಅಲ್ಲಿನ ಕಚೇರಿಗಳ ಮುಂದೆ ಗಿಡಗಳನ್ನು ಚೆಂಡಿನ ಹಾಗೆ ಗುಂಡಗೆ ಕತ್ತರಿಸಿ ನಿಲ್ಲಿಸಿದ್ದರು. ಅನ್ನೂರಿನ ನಮ್ಮ ಮನೆ ಮುಂದೆಯೂ ಆಳೆತ್ತರದ ನಂದಿಬಟ್ಟಲು ಇತ್ತು. ವರ್ಷವಿಡೀ ಹಸಿರು, ನೀರು ಹಾಕದಿದ್ದರೂ ಮುನಿಸಿಕೊಳ್ಳದ ಗಿಡ. ಅದನ್ನೂ ಚೆಂಡು ಮಾಡುವುದೆಂದು ತೀರ್ಮಾನಿಸಿ, ದೊಡ್ಡ ಕತ್ತರಿ ಕೊಂಡು, ಬಕೆಟ್ ಬೋರಲು ಹಾಕಿ ಹತ್ತಿದೆ.

“ರಂಗಮ್ಮನೋರನ್ನ ಒಂದು ಮಾತು ಕೇಳಿ” ಎಂದಳು ಹೆಂಡತಿ ಸರೋಜ.

ರಂಗಮ್ಮ ಪಕ್ಕದ ಮನೆಯ ಅಜ್ಜಿ. ನಾವು ಮನೆ ಕಟ್ಟಿದಾಗ ತಮ್ಮ ಗಿಡದ ಕೊಂಬೆ ತಂದು ಇಲ್ಲಿ ನೆಟ್ಟವರು ಅವರೇ. ಅವರ ಗಿಡ ಆಮೇಲೆ ಚರಂಡಿ ತೋಡುವಾಗ ಹೋಯಿತು. ದಿನಾ ಬೆಳಿಗ್ಗೆ ನಮ್ಮಲ್ಲಿ ಹೂ ಬಿಡಿಸಿ, ತೀರಿಹೋದ ಗಂಡನ ಪಟಕ್ಕೆ ಹಾರ ಕಟ್ಟುತ್ತಿದ್ದರು.

“ಕಲೆಗೆ ಅನುಮತಿ ಬೇಕಿಲ್ಲ” ಎಂದೆ.

ಎಡಗಡೆ ಕತ್ತರಿಸಿದೆ. ಬಲಗಡೆ ಉಬ್ಬಿ ಕಂಡಿತು. ಬಲಗಡೆ ಕತ್ತರಿಸಿದೆ. ತಲೆ ಚೂಪಾಯಿತು. ತಲೆ ಸವರಿದರೆ ಹೊಟ್ಟೆ ಮುಂದೆ ಬಂತು.

“ರೀ, ಈಗ ಥೇಟ್ ನಿಮ್ಮ ಹಾಗೇ ಇದೆ. ಸಾಕು, ಇಳೀರಿ” ಎಂದಳು ಸರೋಜ.

ಆ ಅವಮಾನ ತಾಳಲಾರದೆ ಹೊಟ್ಟೆಯನ್ನೂ ಕತ್ತರಿಸಿದೆ. ಮಧ್ಯಾಹ್ನದ ಹೊತ್ತಿಗೆ ಹಾಲು ಸುರಿಸುತ್ತ ನಿಂತ ಐದು ಕೋಲುಗಳು ಉಳಿದಿದ್ದವು. ಎಲೆಯೂ ಇಲ್ಲ, ಮೊಗ್ಗೂ ಇಲ್ಲ.

ಮರುದಿನ ಬೆಳಿಗ್ಗೆ ರಂಗಮ್ಮ ಬುಟ್ಟಿ ಹಿಡಿದು ಬಂದರು. ಬಹಳ ಹೊತ್ತು ಆ ಕೋಲುಗಳನ್ನು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಪರವಾಯಿಲ್ಲ ತಂಬಿ” ಎಂದು ಖಾಲಿ ಬುಟ್ಟಿಯೊಂದಿಗೆ ತಿರುಗಿದರು.

ಪ್ರಾಯಶ್ಚಿತ್ತವಾಗಿ ಪೇಟೆಯಿಂದ ಮಲ್ಲಿಗೆ ತಂದುಕೊಟ್ಟೆ.

“ಮಲ್ಲಿಗೆ ವಾಸನೆ ಅಂದ್ರೆ ಅವರಿಗೆ ತಲೆನೋವು ತಂಬಿ” ಎಂದರು.

ಪಟದಲ್ಲಿರುವವರಿಗೂ ತಲೆನೋವು ಬರುತ್ತದೆಯೇ ಎಂದು ಕೇಳುವ ಮುಖ ನನಗಿರಲಿಲ್ಲ. ಅಂದಿನಿಂದ ನಾಲ್ಕು ಬೀದಿ ಸುತ್ತಿ, ಕಂಡವರ ಕಾಂಪೌಂಡಿನ ಮುಂದೆ ನಿಂತು ನಂದಿಬಟ್ಟಲು ಬೇಡಿದೆ. ಒಂದು ನಾಯಿ ನನ್ನ ಪಂಚೆಯನ್ನು ತಾನೇ ಇಟ್ಟುಕೊಂಡಿತು. ಎಷ್ಟು ಅಲೆದರೂ ದಿನಕ್ಕೆ ಹತ್ತು ಹೂ ಸಿಕ್ಕರೆ ಹೆಚ್ಚು. ಮೊಳದುದ್ದದ ಹಾರ ಗೇಣಿಗೆ ಇಳಿಯಿತು. ಅವರ ಕಿಟಕಿಯೊಳಗೆ ಪಟದ ಮೇಲೆ ಅದು ಕಂಡಾಗಲೆಲ್ಲ ನಾನು ತಲೆ ತಗ್ಗಿಸಿ ನಡೆದೆ.

ಮೂರು ತಿಂಗಳಾದ ಮೇಲೆ ಕೋಲುಗಳಲ್ಲಿ ಚಿಗುರೊಡೆಯಿತು. ಓಡಿಹೋಗಿ ಅಜ್ಜಿಯನ್ನು ಕರೆತಂದೆ. ಅವರು ಚಿಗುರು ಸವರಿ ನಕ್ಕರು.

“ಇದು ಸಾಯೋ ಜಾತಿ ಅಲ್ಲ ತಂಬಿ. ನಮ್ಮ ಯಜಮಾನ್ರೂ ಒಂದ್ ಸಲ ನಮ್ಮ ಗಿಡಾನ ಹಿಂಗೇ ಬೋಳಿಸಿ ನಿಲ್ಸಿದ್ರು.”

ಎದೆಯ ಭಾರ ಅರ್ಧ ಇಳಿದಂತಾಯಿತು. “ಅವರೂನಾ?” ಎಂದೆ.

“ಹೂಂ. ಆದ್ರೆ ಅವರು ಕತ್ತರಿಸಿದ್ದು ಒಂದೇ ತಿಂಗಳಲ್ಲಿ ಚಿಗುರ್ಕೊಂಡಿತ್ತು. ಅವರ ಕೈಗುಣ ಹಂಗಿತ್ತು.”

ಹಾಳು ಮಾಡುವುದರಲ್ಲೂ ನನಗೆ ಎರಡನೇ ಸ್ಥಾನ.