ಪೂರ್ಣಪರದೆಯ ಮಕ್ಕಳು

ಹುನಗುಂದದ ಬಾಲಪುಷ್ಟಿ ಉಸ್ತುವಾರಿ ಕಚೇರಿಯ ವ್ಯಾಪ್ತಿಯಲ್ಲಿ ಈಗ ಬಡಕಲು ಮಗು ಒಂದೂ ಇಲ್ಲ. ಇದಕ್ಕೆ ಅನ್ನವಾಗಲಿ, ಹಾಲಾಗಲಿ ಕಾರಣವಲ್ಲ. ಟೀವಿ ರಿಮೋಟಿನ ಒಂದು ಗುಂಡಿ ಕಾರಣ. ಗುಂಡಿಯನ್ನು ಒತ್ತಿದವರು ಕಚೇರಿಯ ಮುಖ್ಯಾಧಿಕಾರಿ ಶಂಕರಲಿಂಗ ಸಾಹೇಬರು. ಒತ್ತಿಸಿದವರು ಅವರ ಪತ್ನಿ ಭುವನೇಶ್ವರಿಯವರು.

ಟೀವಿ ಕಚೇರಿಯದು. ಅಂಗನವಾಡಿಗಳಿಂದ ಬರುವ ಮಕ್ಕಳ ಚಿತ್ರಗಳನ್ನು ಪರಿಶೀಲಿಸಲೆಂದು, ಮಕ್ಕಳ ಆಹಾರದ ಬಾಬತ್ತಿನಲ್ಲಿ ಉಳಿದ ಹಣದಿಂದ ಅದನ್ನು ಖರೀದಿಸಲಾಗಿತ್ತು. ಮಕ್ಕಳ ಆಹಾರದಲ್ಲಿ ಹಣ ಉಳಿಯುವುದು ಹೇಗೆಂದು ಕೇಳುವವರು ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ಕಚೇರಿಯ ಬಾಗಿಲಿನ ಚಿಲಕ ಸರಿಯಿಲ್ಲದ್ದರಿಂದ, ಭದ್ರತೆಯ ದೃಷ್ಟಿಯಿಂದ, ಟೀವಿಯನ್ನು ಸಾಹೇಬರ ಮನೆಯ ಪಡಸಾಲೆಯ ಗೋಡೆಗೆ ಜೋಡಿಸಲಾಯಿತು. ಚಿಲಕ ಸರಿಪಡಿಸಿದರೆ ಟೀವಿಯನ್ನು ವಾಪಸು ತರಬೇಕಾಗುತ್ತದೆ. ಆದ್ದರಿಂದ ಚಿಲಕವನ್ನು ಸರಿಪಡಿಸಿಲ್ಲ.

ಟೀವಿ ಭರ್ಜರಿ ಅಗಲದ್ದು. ಭುವನೇಶ್ವರಿಯವರಿಗೆ ಹಳೆಯ ಪೌರಾಣಿಕ ಸಿನಿಮಾಗಳೆಂದರೆ ಪ್ರಾಣ. ಆ ಸಿನಿಮಾಗಳು ಚೌಕಾಕಾರದವು. ನಡುವೆ ದೇವರು ಕಂಡರೆ ಎಡಬಲಕ್ಕೆ ಕಪ್ಪು ಪಟ್ಟಿ. ಓಣಿಯ ಹೆಂಗಸರು ಬಂದು ನೋಡಿ, ಹೊಸ ಟೀವಿ ಆಗಲೇ ಕೆಟ್ಟಿತೇ ಎಂದು ಮರುಕ ತೋರಿಸಿ ಹೋದರು. ಹೆಣ್ಣುಮಗಳು ಏನನ್ನಾದರೂ ಸಹಿಸಬಹುದು, ಓಣಿಯವರ ಮರುಕವನ್ನು ಸಹಿಸಲಾರಳು.

ಅವರ ತಮ್ಮ ವಿಜಯಮಹಾಂತೇಶ ಬಾಗಲಕೋಟೆಯಲ್ಲಿ ಟೀವಿ ಅಂಗಡಿ ಇಟ್ಟವನು, ತಿಳಿದವನು. ಚಿತ್ರ ತೆಗೆದದ್ದೇ ಆ ಆಕಾರದಲ್ಲಿ, ಹಾಗೆಯೇ ನೋಡಬೇಕು ಎಂದು ಅಕ್ಕನಿಗೆ ತಿಳಿಹೇಳಿದ.

"ಇಷ್ಟು ಅಗಲದ್ದು ತಂದು ಎರಡೂ ಕಡೆ ಕತ್ತಲಿ ನೋಡಕೋಂತ ಕುಂದರಬೇಕೇನ?" ಎಂದರು ಭುವನೇಶ್ವರಿಯವರು.

"ಅಕ್ಕಾ, ಅಡ್ಡ ಜಗ್ಗಿದ್ರ ದೇವರಿಗೂ ಹೊಟ್ಟಿ ಬರ್ತೈತಿ."

"ಬರ್ಲಿ ಬಿಡು. ದಿನಾ ನೈವೇದ್ಯ ತಿನ್ನೂ ದೇವರಿಗೆ ಹೊಟ್ಟಿ ಬಂದ್ರ ನಿನಗೇನ್ ತ್ರಾಸು?"

ಮನೆಯಲ್ಲಿ ಎರಡು ಪಕ್ಷಗಳಾದವು. ಮೂಲ ಆಕಾರದ ಪಕ್ಷದವನಿಗೆ ಊಟಕ್ಕೆ ಬರೀ ರೊಟ್ಟಿ, ಚಿತ್ರವನ್ನು ಅಡ್ಡ ಜಗ್ಗಿ ಪರದೆ ತುಂಬಿಸುವ ಪೂರ್ಣಪರದೆಯ ಪಕ್ಷಕ್ಕೆ ರೊಟ್ಟಿಯ ಜೊತೆ ಎಣಗಾಯಿ ಪಲ್ಯ. ಚಿತ್ರವನ್ನು ಎಲ್ಲ ಕಡೆಯಿಂದಲೂ ದೊಡ್ಡದು ಮಾಡುವ ಮಧ್ಯದ ದಾರಿಯೂ ರಿಮೋಟಿನಲ್ಲಿತ್ತು. ಹಾಗೆ ಮಾಡಿದಾಗ ಮೇಲೆ ದೇವರ ಕಿರೀಟ, ಕೆಳಗೆ ಭಕ್ತರು ಕತ್ತರಿಸಿ ಹೋದದ್ದರಿಂದ ಆ ದಾರಿಯನ್ನು ಇಬ್ಬರೂ ಒಪ್ಪಲಿಲ್ಲ. ಕೊನೆಗೆ ಸಾಹೇಬರು ತೀರ್ಪು ಕೊಟ್ಟರು. ಸರಕಾರದ ದುಡ್ಡಿನಲ್ಲಿ ಕೊಂಡ ಪರದೆಯಲ್ಲಿ ಬಳಕೆಯಾಗದ ಜಾಗವಿದ್ದರೆ ಅದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೆ ಗುರಿಯಾಗುತ್ತದೆ. ಆದ್ದರಿಂದ ಪೂರ್ಣಪರದೆಯೇ ನಿಯಮಬದ್ಧ. ಗುಂಡಿ ಒತ್ತಿದರು. ದೇವರು ಗೋಡೆಯ ತುಂಬ ಹರಡಿಕೊಂಡ.

ಮರುದಿನ ಸಂಜೆ ಸಾಹೇಬರು ಅದೇ ಪರದೆಯಲ್ಲಿ ಅಂಗನವಾಡಿ ಮಕ್ಕಳ ಚಿತ್ರಗಳನ್ನು ಪರಿಶೀಲನೆಗೆ ತೆಗೆದುಕೊಂಡರು. ಕೇಂದ್ರಗಳಿಗೆ ಕೊಟ್ಟ ಕ್ಯಾಮೆರಾಗಳು ಯಾವುದೋ ಹಳೆಯ ಯೋಜನೆಯಲ್ಲಿ ಉಳಿದವು, ಚೌಕ ಚಿತ್ರ ತೆಗೆಯುವಂಥವು. ನಿನ್ನೆಯವರೆಗೆ ಕಡ್ಡಿಯಂತಿದ್ದ ಮಕ್ಕಳು ಈಗ ಗಲ್ಲ ತುಂಬಿಕೊಂಡು, ತೋಳು ದಪ್ಪ ಮಾಡಿಕೊಂಡು, ಸಾಹೇಬರನ್ನು ನೋಡಿ ನಕ್ಕರು. ಸಾಹೇಬರಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ತಮ್ಮ ಸೇವೆ ಫಲ ಕೊಟ್ಟಿತೆಂದು ಅವರು ಪ್ರಾಮಾಣಿಕವಾಗಿಯೇ ನಂಬಿದರು. ಕೂಡಲೇ ಸುತ್ತೋಲೆ ಹೊರಟಿತು:

"ಇನ್ನು ಮುಂದೆ ಮಕ್ಕಳ ಪುಷ್ಟಿಯನ್ನು ಪೂರ್ಣಪರದೆಯಲ್ಲಿ ಮಾತ್ರ ನಿರ್ಧರಿಸತಕ್ಕದ್ದು. ಪರದೆಗೂ ತೂಕದ ಯಂತ್ರಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಯಂತ್ರವನ್ನು ದುರಸ್ತಿಗೆ ಕಳುಹಿಸತಕ್ಕದ್ದು. ಪರದೆಯಲ್ಲಿ ದುಂಡಗಿರುವ ಮಗುವಿಗೆ ಹೆಚ್ಚುವರಿ ತತ್ತಿ, ಹಾಲು ನೀಡಿ ಬೊಜ್ಜಿಗೆ ಕಾರಣರಾಗುವ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಇಳಕಲ್ಲಿನ ಒಂದು ಅಂಗನವಾಡಿಯಲ್ಲಿ ಬೀರೇಶನೆಂಬ ಹುಡುಗನಿದ್ದ. ತಾಯಿ ತಾಯವ್ವ ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆಯುವವಳು. ತೀರಾ ಸೊರಗಿದ ಮಕ್ಕಳಿಗೆಂದು ಕೊಡುವ ದಿನದ ತತ್ತಿ ಇವನಿಗೂ ಬರುತ್ತಿತ್ತು. ಅದನ್ನು ತಿನ್ನಲು ಶುರುಮಾಡಿದ ಮೇಲೆ ಕೇಂದ್ರದ ಮೆಟ್ಟಿಲನ್ನು ತಾನೇ ಹತ್ತುವಷ್ಟು ಶಕ್ತಿ ಬಂದಿತ್ತು. ಸುತ್ತೋಲೆ ಬಂದ ದಿನ ತತ್ತಿ ನಿಂತಿತು. ಅಂಗನವಾಡಿಯ ಶಹನಾಜ ಟೀಚರ್ ಕಚೇರಿಗೆ ಫೋನು ಮಾಡಿ, ಹುಡುಗನ ತೂಕ ಇಳಿಯುತ್ತಿದೆ ಎಂದು ಹೇಳಿದರು. ಹಾಗಾದರೆ ಯಂತ್ರ ಕೆಟ್ಟಿದೆ ಎಂಬ ಉತ್ತರ ಬಂತು. ಯಂತ್ರವನ್ನು ಒಯ್ದರು. ಮುಂದಿನ ಸಲ ಟೀಚರನ್ನೇ ದುರಸ್ತಿಗೆ ಒಯ್ಯಬಹುದೆಂಬ ಅಂಜಿಕೆಯಿಂದ ಅವರು ಸುಮ್ಮನಾದರು. ತತ್ತಿಯಲ್ಲಿ ಉಳಿದ ಹಣದಿಂದ ಪ್ರತಿ ಕೇಂದ್ರಕ್ಕೂ ಅಗಲವಾದ ಟೀವಿ ಕೊಡುವ ತೀರ್ಮಾನವಾಯಿತು. ಪೂರೈಕೆಯ ಆದೇಶ ವಿಜಯಮಹಾಂತೇಶನ ಅಂಗಡಿಗೆ ಸಿಕ್ಕಿತು. ಅಂದಿನಿಂದ ಅವನ ಕಣ್ಣಿಗೂ ಪೂರ್ಣಪರದೆಯೇ ಸಹಜವಾಗಿ ಕಾಣತೊಡಗಿತು, ಮತ್ತು ಅವನ ತಾಟಿಗೂ ಎಣಗಾಯಿ ಬಂತು.

ಮೆಟ್ಟಿಲ ಕೆಳಗೆ ನಿಂತು ಎತ್ತಿಕೋ ಎಂದು ಕೈ ಚಾಚಿದ ಮಗನನ್ನು ನೋಡಿದ ತಾಯವ್ವ, ಅವನನ್ನು ಎತ್ತಿಕೊಂಡವಳು ಹಾಗೆಯೇ ಹುನಗುಂದದ ಬಸ್ಸು ಹತ್ತಿದಳು.

ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಲು ಬೇಕಾದಷ್ಟು ಗಮನವನ್ನು ಅವರು ಯಾವ ವಿಷಯಕ್ಕೂ ಕೊಟ್ಟವರಲ್ಲ. ಅವಳ ಅಹವಾಲನ್ನು ನಿಂತೇ ಕೇಳಿದರು.

"ತತ್ತಿ ಬಂದ್ ಮಾಡ್ಯಾರ್ರಿ, ಸಾಹೇಬ್ರ. ಹುಡುಗನ ಎಲುಬು ಎಣಿಸಬೌದು, ನೋಡ್ರಿ," ಎಂದು ಅವಳು ಮಗನ ಅಂಗಿ ಎತ್ತಿದಳು.

"ನೀ ಇವನ್ನ ಎದರಾಗ ನೋಡಾಕತ್ತೀ?"

"ಎದರಾಗಂದ್ರ? ಕಣ್ಣಾಗ್ರಿ."

"ಅಲ್ಲೇ ತಪ್ಪಾಗೇತಿ ನೋಡವಾ. ಬಾ, ತೋರಸ್ತೇನಿ."

ಮನೆಗೆ ಕರೆದೊಯ್ದು ಟೀವಿ ಹಚ್ಚಿದರು. ಗೋಡೆಯಲ್ಲಿ ಬೀರೇಶ ಮೂಡಿದ: ಬೋಂಡದಂಥ ಗಲ್ಲ, ಅಗಲವಾದ ಎದೆ, ಗಟ್ಟಿಮುಟ್ಟಾದ ಕುತ್ತಿಗೆ. ತನ್ನ ಮಗ ಹೀಗಿರಬೇಕೆಂದು ತಾಯವ್ವ ಹೊತ್ತ ಹರಕೆಗಳಿಗೆ ಲೆಕ್ಕವಿರಲಿಲ್ಲ. ದೇವರು ಕೊಡದ ಮೈಯನ್ನು ಕಚೇರಿ ಕೊಟ್ಟಿತ್ತು. ಅವಳು ಎದ್ದು ಹೋಗಿ ಪರದೆಯ ಮೇಲಿನ ಗಲ್ಲವನ್ನು ಸವರಿದಳು. ಗಾಜಿನ ಮೇಲೆ ಬೆರಳಿನ ಗುರುತು ಬೀಳುತ್ತದೆಂದು ಭುವನೇಶ್ವರಿಯವರು ಹೇಳಿದ ಮೇಲೆ ಸೆರಗಿನಿಂದ ಒರೆಸಿದಳು.

ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ. ಆದರೆ ಮೈ ಉರಿಗೆ ಕಚೇರಿಯಲ್ಲಿ ಯಾವ ಕಾಲಮ್ಮೂ ಇಲ್ಲ.

ಹೋಗುವಾಗ ಅವಳು ಕೇಳಿದ್ದು ಒಂದೇ ಮಾತು: "ಮತ್ತ ಇವ ಮೆಟ್ಟಲಾ ಯಾಕ ಹತ್ತವಲ್ಲರಿ?" ದಪ್ಪ ಮಕ್ಕಳಿಗೆ ಮೈಭಾರ ಇರುತ್ತದೆ, ಮೆಟ್ಟಿಲು ಹತ್ತಲು ತ್ರಾಸಾಗುವುದು ಸಹಜ ಎಂದು ಸಾಹೇಬರು ಸಮಾಧಾನ ಹೇಳಿ ಕಳುಹಿಸಿದರು.

ಈ ಸಾಧನೆಗಾಗಿ ಬಾಗಲಕೋಟೆಯಲ್ಲಿ ಸನ್ಮಾನ ಸಮಾರಂಭ ನಡೆಯಿತು. ಬೀರೇಶ ಆದರ್ಶ ಪುಷ್ಟ ಬಾಲಕನಾಗಿ ಆಯ್ಕೆಯಾದ. ತಾಯವ್ವ ಅವನನ್ನು ಎತ್ತಿಕೊಂಡು ವೇದಿಕೆ ಹತ್ತಿದಳು. ಅವನ ಕುತ್ತಿಗೆ ಅವಳ ಹೆಗಲ ಮೇಲೆ ವಾಲಿತ್ತು. ಸಭಿಕರು ಮಗುವನ್ನು ನೇರವಾಗಿ ನೋಡಿ ತಪ್ಪು ಕಲ್ಪನೆಗೆ ಒಳಗಾಗಬಾರದು, ದಯವಿಟ್ಟು ವೇದಿಕೆಯ ಹಿಂದಿನ ಅಗಲವಾದ ಪರದೆಯತ್ತ ನೋಡಬೇಕು ಎಂದು ನಿರೂಪಕರು ಮೈಕಿನಲ್ಲಿ ವಿನಂತಿಸಿದರು. ಎಲ್ಲರೂ ಪರದೆಯತ್ತ ನೋಡಿದರು. ಚಪ್ಪಾಳೆ ಹೊಡೆದರು. ಶಹನಾಜ ಟೀಚರೂ ಹೊಡೆದರು. ತಾಯವ್ವನೂ ಕತ್ತು ತಿರುಗಿಸಿ ಪರದೆಯನ್ನೇ ನೋಡಿದಳು.

ಬೀರೇಶ ಹೆಗಲಿನಿಂದ ತಲೆ ಎತ್ತಿ ಪರದೆಯ ಹುಡುಗನನ್ನು ದಿಟ್ಟಿಸಿದ.

"ಯವ್ವಾ, ಆ ಹುಡುಗಗ ದಿನಾ ತತ್ತಿ ಕೊಡ್ತಾರೇನು?"

"ಕೊಡ್ತಾರಪಾ," ಎಂದಳು ತಾಯವ್ವ. "ಚಪ್ಪಾಳಿ ಹೊಡಿ."

ಅವನು ಹೊಡೆದ.